ಪ್ರಸಾದ ಆತೇನ್ರಿ?

ನಮ್ಮ ಬನಹಟ್ಟಿಯಲ್ಲಿ ಮಗ್ಗದ ಸದ್ದು ಅಡಗಿತೆಂದರೆ ಒಂದೋ ಅಮಾವಾಸ್ಯೆ, ಇಲ್ಲವೆ ಕರೆಂಟು ಹೋದ ವೇಳೆ, ಅದೂ ಅಲ್ಲದಿದ್ದರೆ ಕಾಡಸಿದ್ಧೇಶ್ವರನ ಜಾತ್ರೆ. ಅಂತಹುದೊಂದು ಅಮಾವಾಸ್ಯೆಯ ಬೆಳಗಿನಲ್ಲಿ, ಮುಧೋಳ ಲೋಕಾಪುರಗಳನ್ನು ಹಿಂದಿಕ್ಕಿ, ಬಾದಾಮಿಗೆ ಸಮೀಪದಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಶಿವಯೋಗಮಂದಿರದ ಅಂಗಳಕ್ಕೆ ಬಂದು ನಿಂತಾಗ, ಹೆಗಲ ಮೇಲೆ ಪಾವಡ ಹಾಕಿಕೊಂಡಿದ್ದ ಒಬ್ಬ ವೃದ್ಧರು ಎದುರಾಗಿ, ನನ್ನ ಹೆಸರನ್ನಾಗಲಿ ಊರನ್ನಾಗಲಿ ವಿಚಾರಿಸದೆ, ‘ಪ್ರಸಾದ ಆತೇನ್ರಿ?’ ಎಂದರು. ಇನ್ನೂ ಇಲ್ಲವೆಂದೆ. ‘ಹಂಗಾರ ಮೊದಲ ಕೈಕಾಲು ತೊಳಕೋರಿ. ಮಾತು ಆಮ್ಯಾಲ.’

ನಮ್ಮ ಸೀಮೆಯ ಮಠಗಳಲ್ಲಿ ಯಾರೂ ಊಟ ಮಾಡುವುದಿಲ್ಲ. ಎಲ್ಲರೂ ‘ಪ್ರಸಾದ ಮಾಡುತ್ತಾರೆ’. ಮಾತಿನ ಈ ಸಣ್ಣ ವ್ಯತ್ಯಾಸವನ್ನು ಬಾಲ್ಯದಿಂದ ಕೇಳುತ್ತ ಬಂದಿದ್ದರೂ ಅದರೊಳಗಣ ಅರ್ಥ ನನಗೆ ಹೊಳೆದದ್ದು ಆ ದಿನ. ಉಣ್ಣುವವನಿಗೆ ಹಸಿವು ಸಾಕು. ಪ್ರಸಾದ ಮಾಡುವವನಿಗಾದರೋ ಒಂದು ಕೆಲಸವನ್ನೇ ವಹಿಸಿಕೊಟ್ಟಂತಾಯಿತು. ಬಂದವನು ಬಂದ ಕ್ಷಣದಿಂದಲೇ ಮಠದ ದಿನಚರಿಯ ಒಂದು ಅಂಗ.

ಈ ಸಂಸ್ಥೆಯನ್ನು 1909ರಲ್ಲಿ ಸ್ಥಾಪಿಸಿದವರು ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು. ಅದಕ್ಕೆ ಐದು ವರ್ಷ ಮೊದಲು ಧಾರವಾಡದಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೂ ಅವರೇ ಮುಂದಾಗಿದ್ದರು. ಮಠಗಳಿಗೆ ಅಧಿಕಾರಿಗಳಾಗತಕ್ಕವರು ಓದು, ಯೋಗ, ಸದಾಚಾರಗಳಲ್ಲಿ ನುರಿತಿರಬೇಕು, ಹಾಗಲ್ಲದೆ ಪೀಠವೇರಿದರೆ ಪೀಠಕ್ಕೂ ಹಾನಿ, ಭಕ್ತರಿಗೂ ಹಾನಿ ಎಂಬ ಚಿಂತೆಯಿಂದ, ಊರೂರು ಜೋಳಿಗೆ ಹಿಡಿದು ತಿರುಗಿ, ಧಾನ್ಯವನ್ನೂ ದ್ರವ್ಯವನ್ನೂ ತಾಳೆಗರಿಗಳನ್ನೂ ಕೂಡಿಹಾಕಿ, ವಟುಗಳಿಗಾಗಿ ಅವರು ಕಟ್ಟಿದ ಗುರುಕುಲವಿದು. 1930ರಲ್ಲಿ ಅವರು ಲಿಂಗೈಕ್ಯರಾದರು. ಗದ್ದುಗೆ ಇಲ್ಲಿಯೇ ಇದೆ. ಕಣ್ಣಿಲ್ಲದ ಬಾಲಕನೊಬ್ಬನ ಕಂಠವನ್ನು ಗುರುತಿಸಿ, ಅವನಿಗೆ ಆಶ್ರಯವಿತ್ತು, ನೀಲಕಂಠಬುವಾ ಮಿರಜಕರರಂತಹ ಗುರುಗಳಿಂದ ಹಿಂದುಸ್ತಾನಿ ಸಂಗೀತ ಕಲಿಸಿದವರೂ ಅವರೇ. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇಂದಿಗೂ ಅಂಧಬಾಲಕರು ತಂಬೂರಿ ಶ್ರುತಿಮಾಡುವುದಕ್ಕೆ ಮೂಲ ಇಲ್ಲಿನ ಒಂದು ಹೊತ್ತಿನ ಆತಿಥ್ಯವೆಂದರೆ ಹೆಚ್ಚೇನೂ ಹೇಳಿದಂತಾಗದು.

ವಟುಗಳ ದಿನ ಬ್ರಾಹ್ಮೀ ಮುಹೂರ್ತದಲ್ಲಿ ಆರಂಭವಾಗುತ್ತದೆ: ಸ್ನಾನ, ಇಷ್ಟಲಿಂಗ ಪೂಜೆ, ಸಂಸ್ಕೃತ ಪಾಠ, ವಚನಗಳ ಅಭ್ಯಾಸ, ಯೋಗ, ಸಂಗೀತ, ನಡುವೆ ಗೋಸೇವೆ. ಇಷ್ಟನ್ನು ಯಾವ ಮಠದ ಬಗೆಗಾದರೂ ಬರೆಯಬಹುದು. ನಾನು ಬಹಳ ಹೊತ್ತು ನಿಂತು ನೋಡಿದ್ದು ವಿಭೂತಿ.

ದೇಶೀ ಹಸುವಿನ ಸಗಣಿ ನೆಲಕ್ಕೆ ಬೀಳುವ ಮುನ್ನವೇ ಸದ್ಯೋಜಾತ ಮಂತ್ರದಿಂದ ಅದನ್ನು ಹಿಡಿಯಬೇಕು, ಅಘೋರ ಮಂತ್ರದಿಂದ ದಹಿಸಬೇಕು ಎಂಬುದು ಶಾಸ್ತ್ರವಿಧಿ. ಹಿಡಿದುದನ್ನು ಉಂಡೆ ಕಟ್ಟಿ ಬಿಸಿಲಿಗಿಟ್ಟು, ಒಣಗಿದ ಮೇಲೆ ಸುಟ್ಟು, ಆ ಬೂದಿಯನ್ನು ಅರಿವೆಯಲ್ಲಿ ಸೋಸಿ, ನೀರಿನಲ್ಲಿ ಕಲಸಿ, ತಿಳಿಯನ್ನು ಬಸಿದು, ಉಳಿದ ಗಟ್ಟಿಯನ್ನು ಕೈಯಿಂದಲೇ ತಿದ್ದಿ ಮತ್ತೆ ಒಣಗಿಸುತ್ತಾರೆ. ಮಂತ್ರದ ಮಾತು ಬಲ್ಲವರಿಗಿರಲಿ, ನೇಕಾರನ ಮಗನಾದ ನನ್ನ ಕಣ್ಣು ನೆಟ್ಟದ್ದು ಆ ಅರಿವೆಯ ಮೇಲೆ. ಹಾಸು ಹೊಕ್ಕುಗಳು ಸಡಿಲಾಗಿದ್ದರೆ ಹರಳು ಉಳಿದು ಹಣೆಯನ್ನು ಕೆರೆಯುತ್ತದೆ. ಬಿಗಿಯಾಗಿದ್ದರೆ ಬೂದಿ ಕೆಳಗೆ ಇಳಿಯುವುದೇ ಇಲ್ಲ. ಹಳೆಯ ಧೋತರವೇ ಇದಕ್ಕೆ ಉತ್ತಮ, ಹತ್ತಾರು ಬಾರಿ ಒಗೆದು ಎಳೆ ಮೆತ್ತಗಾದ ಮೇಲೆ. ಸೋಸುತ್ತಿದ್ದಾತ ಅರಿವೆಯನ್ನು ಹಿಂಡಲಿಲ್ಲ, ಜಾಡಿಸಲಿಲ್ಲ. ತೊಟ್ಟಿಲು ತೂಗಿದಂತೆ ತೂಗಿದ. ಹಿಟ್ಟಿಗಿಂತಲೂ ನುಣುಪಾದ ಬೂದಿ, ಬೀಳುವುದು ಕಾಣದಂತೆ, ಕೆಳಗಿನ ಪಾತ್ರೆಯಲ್ಲಿ ಏರುತ್ತಿತ್ತು. ಸಮೀಪ ಹೋಗಿ ಉಸಿರು ಬಿಟ್ಟರೆ ಹಾರೀತೆಂದು ನಾನೂ ಉಸಿರು ಬಿಗಿಹಿಡಿದು ನಿಂತೆ.

ಪಂಕ್ತಿಯಲ್ಲಿ ನನ್ನ ಎಡಕ್ಕೆ ಒಬ್ಬ ವಟು, ಬಲಕ್ಕೆ ಗಾಡಿ ಹೊಡೆದುಕೊಂಡು ಬಂದ ರೈತ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ನುಚ್ಚು, ಸಾರು. ಮಂತ್ರ ಹೇಳಿ ‘ಹರಹರ ಮಹಾದೇವ’ ಎನ್ನುವವರೆಗೆ ಯಾರೂ ರೊಟ್ಟಿ ಮುರಿಯುವಂತಿಲ್ಲ. ಕೊನೆಯಲ್ಲಿ ರೈತನು ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ಬಳಿದು, ಆ ನೀರನ್ನು ಕುಡಿದುಬಿಟ್ಟ. ತಾಟು ಹೊರಗೆ ಹೋಗುವಾಗ ಒಂದಗುಳೂ ಅದರಲ್ಲಿ ಉಳಿದಿರಲಿಲ್ಲ. ನನ್ನ ಅಜ್ಜಿ ಹೀಗೆಯೇ ಮಾಡುತ್ತಿದ್ದಳು. ನಾವು ಓದಿದವರು ನಾಚಿಕೊಂಡು ಬಿಟ್ಟುಬಿಟ್ಟೆವು. ಪಂಕ್ತಿಭೇದವೆಂಬುದು ನಾಡಿನ ಎಲ್ಲ ಮಠಗಳಿಂದಲೂ ಪೂರ್ತಿ ತೊಲಗಿತೆಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ. ನಾನು ಕುಳಿತ ಸಾಲಿನಲ್ಲಿ ಮಾತ್ರ ಅದು ಕಾಣಲಿಲ್ಲ.

ಯೂರೋಪಿನ ಕ್ರೈಸ್ತ ಮಠಗಳಿಗೆ ಆರನೆಯ ಶತಮಾನದಲ್ಲಿ ನಿಯಮ ಬರೆದ ಸಂತ ಬೆನೆಡಿಕ್ಟನು ಐವತ್ತಮೂರನೆಯ ಅಧ್ಯಾಯವನ್ನು ಅತಿಥಿಗಳಿಗೆಂದೇ ಮೀಸಲಿಟ್ಟು, ಬಂದವರನ್ನು ಸಾಕ್ಷಾತ್ ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆಂದು ವಿಧಿಸಿದ್ದಾನೆ. ಜೊತೆಗೇ ಒಂದು ವ್ಯವಹಾರದ ಮಾತೂ ಉಂಟು: ಹೊತ್ತಲ್ಲದ ಹೊತ್ತಿಗೆ ಬರುವ ಅತಿಥಿಗಳಿಂದ ಸೋದರರ ಶಾಂತಿ ಕದಡದಂತೆ, ಮಠಾಧಿಪತಿಗೂ ಅತಿಥಿಗಳಿಗೂ ಅಡುಗೆಮನೆ ಬೇರೆ ಇರಲಿ. ಅಲ್ಲಿ ಸೋದರರು ಮೌನದಲ್ಲಿ ಉಣ್ಣುತ್ತಾರೆ, ಒಬ್ಬನು ಗ್ರಂಥ ಓದುತ್ತಾನೆ. ಇಂಗ್ಲೆಂಡಿನ ಮಠಗಳನ್ನು ಎಂಟನೆಯ ಹೆನ್ರಿ 1536ರಿಂದ 1540ರೊಳಗೆ ಮುಚ್ಚಿಸಿದ ಮೇಲೆ, ಆಂಗ್ಲಿಕನ್ ಸಭೆಯಲ್ಲಿ ಮಠಜೀವನ ಮರಳಿ ಚಿಗುರಲು ಹತ್ತೊಂಬತ್ತನೆಯ ಶತಮಾನವೇ ಬರಬೇಕಾಯಿತು. ಆ ಚಿಗುರಿನ ಒಂದು ಟಿಸಿಲು ನಮ್ಮ ಮಗ್ಗುಲಿನ ಪುಣೆಯವರೆಗೂ ಚಾಚಿತು. 1922ರಲ್ಲಿ ಜ್ಯಾಕ್ ವಿನ್ಸ್‌ಲೋ ಎಂಬ ಆಂಗ್ಲಿಕನ್ ಪಾದ್ರಿ ಆರಂಭಿಸಿದ ಕ್ರಿಸ್ತ ಸೇವಾ ಸಂಘದವರು ಖಾದಿಯುಟ್ಟು, ನೆಲದ ಮೇಲೆ ಕುಳಿತು, ಶಾಕಾಹಾರ ಉಂಡು, ಭಾರತೀಯರೂ ಆಂಗ್ಲರೂ ಒಂದೇ ಸೂರಿನಡಿ ಬಾಳತೊಡಗಿದರು. ಮುಂದೆ ಗೊಂಡರ ನಡುವೆ ನೆಲಸಿ ಹೆಸರಾದ ವೆರಿಯರ್ ಎಲ್ವಿನ್ ಈ ದೇಶಕ್ಕೆ ಮೊದಲು ಬಂದದ್ದೂ ಈ ಸಂಘಕ್ಕಾಗಿಯೇ. ಬೆನೆಡಿಕ್ಟನ ಎರಡು ಅಡುಗೆಮನೆಗಳ ವ್ಯವಸ್ಥೆಯಲ್ಲಿ ವಿವೇಕವಿದೆ; ಧ್ಯಾನಕ್ಕೆ ಕುಳಿತವನಿಗೆ ಬಾಗಿಲ ಸದ್ದು ಎಷ್ಟು ಕಿರಿಕಿರಿಯೆಂಬುದನ್ನು ಅವನು ಬಲ್ಲ. ಆದರೂ ನನ್ನ ಮನಸ್ಸು ಒಲಿಯುವುದು ಒಂದೇ ಒಲೆಯ ಕಡೆಗೆ. ದಾಸೋಹದಲ್ಲಿ ಅತಿಥಿಯು ವ್ರತಕ್ಕೆ ಅಡ್ಡಿಯಲ್ಲ, ಅವನಿಗೆ ಬಡಿಸುವುದೇ ವ್ರತ. ಆ ಹೊತ್ತಿನಲ್ಲಿ ಪಾಠ ಬಿಟ್ಟು ಸಾರಿನ ಬಕೀಟು ಹಿಡಿದು ಬಂದ ವಟುವಿನ ಮುಖದಲ್ಲಿ ಪಾಠ ತಪ್ಪಿತೆಂಬ ಭಾವ ನನಗೆ ಕಾಣಿಸಲಿಲ್ಲ. (ಹುಡುಗನಲ್ಲವೆ, ತಪ್ಪಿದ್ದಕ್ಕೆ ಸಂತೋಷವೂ ಇದ್ದೀತು.)

ಸಂಜೆ ಹೊರಡುವಾಗ ಬೆಳಗಿನ ಆ ವೃದ್ಧರು ಅರಿವೆಯ ತುಂಡಿನಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ, ಮೇಲೊಂದು ವಿಭೂತಿಗಟ್ಟಿ ಇಟ್ಟು ಕೈಗೆ ಕೊಟ್ಟರು. ನನ್ನ ಹೆಸರನ್ನು ಅವರು ಆಗಲೂ ಕೇಳಲಿಲ್ಲ. ಗಂಟನ್ನು ನಾನು ಬಿಚ್ಚಿ, ಬಟ್ಟೆಯ ಅಂಚನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿದ್ದನ್ನು ಕಂಡು ಮಾತ್ರ ನಕ್ಕರು.

‘ಮಗ್ಗದವ್ರೇನ್ರಿ?’