ಬೆವರಿನ ವಾಸನೆಗೆ ಮನೆಯ ಲೇಪ

ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಸಂಜೆಯಿಂದ ರಾತ್ರಿಯವರೆಗೆ ದೋಸೆಯ ಕಾವಲಿಯ ಮುಂದೆ ನಿಂತು ದುಡಿಯುವವರಿಗೆ ಬೆವರು ಹೊಸತಲ್ಲ. ಹತ್ತಿರದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಮೇಲಿನ ಹಿಡಿಕೆಗೆ ಕೈಯೆತ್ತಿ ನಿಲ್ಲುವ ಉದ್ಯೋಗಸ್ಥರಿಗೂ ಹೊಸತಲ್ಲ. ಆದರೆ ಬೆವರಿಗಿಂತ ಅದರ ವಾಸನೆಯ ಅಂಜಿಕೆ ದೊಡ್ಡದು. ಉತ್ತರ ಗೊತ್ತಿದ್ದೂ ತರಗತಿಯಲ್ಲಿ ಕೈಯೆತ್ತದ ಹುಡುಗಿ, ಮದುವೆಮನೆಯಲ್ಲಿ ನಾಲ್ಕು ಜನರಿಂದ ದೂರ ಕೂಡುವ ಯುವಕ, ಇಂಥವರು ನಮ್ಮ ನಿಮ್ಮ ಮನೆಗಳಲ್ಲಿಯೇ ಇದ್ದಾರೆ. ಈ ಅಂಜಿಕೆಯನ್ನು ಬಂಡವಾಳ ಮಾಡಿಕೊಂಡು ಬಗೆಬಗೆಯ ಡಬ್ಬಿಗಳೂ ಸಿಂಪಡಿಕೆಗಳೂ ಅಂಗಡಿಯ ಸಾಲಿನಲ್ಲಿ ಬಂದು ಕುಳಿತಿವೆ. ಅವುಗಳ ಬದಲು ಮನೆಯಲ್ಲಿಯೇ ಏನಾದರೂ ಮಾಡಿಕೊಳ್ಳಬಾರದೇ ಎಂದು ಕೇಳುವವರು ಈಗ ಹಲವರು. ಖಂಡಿತ ಮಾಡಿಕೊಳ್ಳಬಹುದು, ಖರ್ಚೂ ಸ್ವಲ್ಪವೇ. ಆದರೆ ಯಾವ ಪದಾರ್ಥ ಏನು ಮಾಡುತ್ತದೆ ಎಂಬುದನ್ನು ತಿಳಿಯದೆ ಕಲಸಿ ಹಚ್ಚಿದರೆ ವಾಸನೆ ಹೋಗುವ ಬದಲು ಚರ್ಮ ಹೋದೀತು.

ಮೊದಲು ತಿಳಿಯತಕ್ಕ ಮಾತು ಇದು: ಬೆವರಿಗೆ ತನ್ನದೇ ಆದ ದುರ್ವಾಸನೆ ಇಲ್ಲವೆಂದೇ ಹೇಳಬಹುದು. ನಮ್ಮ ಚರ್ಮದಲ್ಲಿ ಎರಡು ಬಗೆಯ ಬೆವರು ಗ್ರಂಥಿಗಳಿವೆ. ಒಂದನೆಯ ಬಗೆಯವು ಮೈತುಂಬ ಹರಡಿಕೊಂಡಿವೆ. ಇವುಗಳ ಸಂಖ್ಯೆ 20ರಿಂದ 40 ಲಕ್ಷದವರೆಗೆ. ಇವು ಸ್ರವಿಸುವುದು ಬಹುಪಾಲು ನೀರು ಮತ್ತು ಉಪ್ಪು. ಆ ನೀರು ಆರುವಾಗ ಮೈಯ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ರೀತಿಯಿಂದ. ಎರಡನೆಯ ಬಗೆಯ ಗ್ರಂಥಿಗಳು ಕಂಕುಳು ಮೊದಲಾದ ಕೆಲವೇ ಸ್ಥಳಗಳಲ್ಲಿವೆ. ಇವು ಚುರುಕಾಗುವುದು ಮಕ್ಕಳು ಪ್ರಾಯಕ್ಕೆ ಬರುವ ವಯಸ್ಸಿನಲ್ಲಿ. ಇವುಗಳ ಸ್ರಾವದಲ್ಲಿ ಕೊಬ್ಬು ಮತ್ತು ಸಸಾರಜನಕದ ಅಂಶಗಳಿರುತ್ತವೆ. ಹೊರಬರುವಾಗ ಅದಕ್ಕೂ ವಾಸನೆ ಇಲ್ಲ.

ಹಾಗಾದರೆ ವಾಸನೆ ಎಲ್ಲಿಂದ ಬಂತು? ಕಂಕುಳಿನ ಕತ್ತಲೆ, ತೇವ ಮತ್ತು ಬಿಸುಪಿನಲ್ಲಿ ಅಸಂಖ್ಯಾತ ಬ್ಯಾಕ್ಟೀರಿಯಗಳು ವಾಸಮಾಡಿಕೊಂಡಿವೆ. ಅವುಗಳಲ್ಲಿ ಕೆಲವು ಈ ಸ್ರಾವವನ್ನು ತಿಂದು ಒಡೆಯುತ್ತವೆ. ಒಡೆದಾಗ ಹುಳಿಮುಗ್ಗಲು ವಾಸನೆಯ ಆಮ್ಲಗಳೂ, ಈರುಳ್ಳಿಯನ್ನು ನೆನಪಿಗೆ ತರುವ ಗಂಧಕದ ಸಂಯುಕ್ತಗಳೂ ಉಂಟಾಗುತ್ತವೆ. ಈ ಗಂಧಕದ ವಾಸನೆಗೆ ಮುಖ್ಯ ಕಾರಣವಾದ ಸ್ಟೆಫಿಲೊಕಾಕಸ್ ಹೋಮಿನಿಸ್ ಎಂಬ ಜೀವಿ ಯಾವ ಕಿಣ್ವದಿಂದ ಈ ಕೆಲಸ ಮಾಡುತ್ತದೆ ಎಂಬುದನ್ನು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2020ರಲ್ಲಿ ವಿವರಿಸಿದರು. ಆದ್ದರಿಂದ ವಾಸನೆ ಬಂದವರೆಲ್ಲ ಕೊಳಕರು ಎಂದು ತಿಳಿಯುವುದು ತಪ್ಪು. ಬೆಳಿಗ್ಗೆ ಮಿಂದವರ ಮೈಯಲ್ಲಿಯೂ ಸಂಜೆಯ ಹೊತ್ತಿಗೆ ಈ ಜೀವಿಗಳು ತಮ್ಮ ಕೆಲಸವನ್ನು ಮಾಡಿರುತ್ತವೆ.

ಅಂಗಡಿಯಲ್ಲಿ ದೊರೆಯುವ ವಸ್ತುಗಳು ಎರಡು ವಿಧ. ಡಿಯೋಡರೆಂಟ್ ಎಂಬುದು ಬ್ಯಾಕ್ಟೀರಿಯಗಳನ್ನು ಹತ್ತಿಕ್ಕುತ್ತದೆ, ಜೊತೆಗೆ ಒಂದು ಸುವಾಸನೆಯನ್ನು ಹೊದಿಸುತ್ತದೆ, ಬೆವರನ್ನು ತಡೆಯುವುದಿಲ್ಲ. ಇಂಥ ಮೊದಲ ಸರಕು 1888ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಮಾರಾಟಕ್ಕೆ ಬಂದಿತು. ಅದರ ಹೆಸರು ‘ಮಮ್’. ಅದು ಸತುವಿನ ಸಂಯುಕ್ತವನ್ನು ಬೆರೆಸಿದ ಮುಲಾಮು. ಎರಡನೆಯದು ಆಂಟಿಪರ್ಸ್ಪಿರೆಂಟ್. ಅದರಲ್ಲಿರುವ ಅಲ್ಯೂಮಿನಿಯಂ ಲವಣಗಳು ಬೆವರಿನ ನಾಳದ ಬಾಯಿಗೆ ತಾತ್ಕಾಲಿಕವಾಗಿ ಬಿರಡೆ ಹಾಕುತ್ತವೆ. ಇದರಿಂದ ಸ್ತನದ ಕ್ಯಾನ್ಸರ್ ಬರುತ್ತದೆಂಬ ಮಾತು ಬಹಳ ಹಬ್ಬಿದೆ. ಆದರೆ ಇದುವರೆಗಿನ ಅಧ್ಯಯನಗಳಿಂದ ಅಂಥ ಸಂಬಂಧ ದೃಢಪಟ್ಟಿಲ್ಲ. ಆದಕಾರಣ ಹೆದರಿಕೆಯಿಂದ ಮನೆಯ ಲೇಪಕ್ಕೆ ಬರಬೇಕಾದ್ದಿಲ್ಲ. ಖರ್ಚು ಕಡಿಮೆಯೆಂದೋ, ಘಾಟು ಒಗ್ಗದೆಂದೋ, ಮೈಗೆ ಹಚ್ಚುವುದು ಏನೆಂದು ತಿಳಿದಿರಲೆಂದೋ ಬಂದರೆ ಅದು ಸರಿಯಾದ ಕಾರಣ.

ಮೈಯ ಸುವಾಸನೆಯ ವಿಚಾರ ನಮ್ಮ ನಾಡಿಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ಸುಮಾರು 1025ರಲ್ಲಿ ಚಾಳುಕ್ಯರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಬೇಸಾಯ, ಅಡಿಗೆ, ವೈದ್ಯಗಳ ಜೊತೆಗೆ ಸುಗಂಧದ್ರವ್ಯಗಳಿಗೂ ಸ್ಥಾನ ದೊರೆತಿದೆ. ಮುಂದೆ ಸುಮಾರು ಒಂದು ಶತಮಾನದ ಮೇಲೆ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಸ್ನಾನವನ್ನೂ ಅನುಲೇಪನವನ್ನೂ ರಾಜಭೋಗಗಳಲ್ಲಿ ಎಣಿಸಿದನು. ಅರಮನೆಯ ಈ ಭೋಗ ಸಾಮಾನ್ಯರ ಬಚ್ಚಲಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧದ ಮರವನ್ನು ಯೂರೋಪಿಗೆ ಸಾಗಿಸುವುದು ಕಷ್ಟವಾದಾಗ ಮೈಸೂರು ಸಂಸ್ಥಾನವು ಇಲ್ಲಿಯೇ ಎಣ್ಣೆ ಇಳಿಸಲು ತೊಡಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲ ಅದು. 1912ರಿಂದ 1918ರವರೆಗೆ ದಿವಾನರಾಗಿದ್ದವರು ಯಾರ ಹೆಸರಿನಿಂದ ಈ ಬಡಾವಣೆ ವಿಶ್ವೇಶ್ವರಪುರವಾಯಿತೋ ಆ ಸರ್ ಎಂ. ವಿಶ್ವೇಶ್ವರಯ್ಯನವರು. ಎಸ್. ಜಿ. ಶಾಸ್ತ್ರಿಯವರ ರಸಾಯನ ಪರಿಶ್ರಮದಿಂದ ಶ್ರೀಗಂಧದ ಎಣ್ಣೆ ಸಾಬೂನಿಗೆ ಸೇರಿ, ಮೈಸೂರು ಸ್ಯಾಂಡಲ್ ಎಂಬ ಹೆಸರು ಮನೆಮಾತಾಯಿತು.

ಈಗ ಸಾಮಗ್ರಿಗಳನ್ನು ನೋಡೋಣ. ಗಾಂಧಿ ಬಜಾರಿನ ಕಡೆಗೆ ಹೋದರೆ ಗ್ರಂಧಿಗೆ ಅಂಗಡಿಯಲ್ಲಿ ಬಹುತೇಕ ಎಲ್ಲವೂ ಸಿಕ್ಕುತ್ತವೆ. ಪಟಿಕ, ಅಂದರೆ ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ತಿಕ್ಕುವ ಬಿಳಿಯ ಕಲ್ಲು, ಒಗರು ಗುಣದ್ದು. ಚರ್ಮವನ್ನು ಬಿಗಿಗೊಳಿಸಿ ಬ್ಯಾಕ್ಟೀರಿಯಗಳನ್ನು ಅಡಗಿಸುತ್ತದೆ. ಇದೂ ಒಂದು ಅಲ್ಯೂಮಿನಿಯಂ ಲವಣವೇ ಎಂಬುದನ್ನು ಮರೆಯಬಾರದು. ಪಟಿಕವನ್ನು ‘ಅಲ್ಯೂಮಿನಿಯಂ ಇಲ್ಲದ್ದು’ ಎಂದು ಮಾರುವವರ ಮಾತು ನಿಜವಲ್ಲ. ಕೊಬ್ಬರಿ ಎಣ್ಣೆಯ ಅರ್ಧದಷ್ಟು ಭಾಗ ಲಾರಿಕ್ ಆಮ್ಲದಿಂದ ಕೂಡಿದ್ದು, ಈ ಆಮ್ಲಕ್ಕೆ ಕೆಲವು ಬ್ಯಾಕ್ಟೀರಿಯಗಳನ್ನು ತಡೆಯುವ ಶಕ್ತಿ ಉಂಟು. ಆರಾರೂಟ್, ಅಂದರೆ ಕೂವೆ ಹಿಟ್ಟು, ತೇವವನ್ನು ಹೀರುತ್ತದೆ. ಲಾವಂಚದ ಬೇರು ಮತ್ತು ಕಚೋರ ಪರಿಮಳಕ್ಕೆ. ಜೇನುಮೇಣ ಲೇಪವನ್ನು ಗಟ್ಟಿಯಾಗಿಸುತ್ತದೆ. ಇನ್ನು ಅಡಿಗೆ ಸೋಡಾ. ಇದರ ವಿಷಯದಲ್ಲಿ ಎಚ್ಚರಿಕೆ ಬೇಕಾದ್ದರಿಂದ ಮುಂದೆ ಬೇರೆಯಾಗಿ ಹೇಳಿದೆ.

ಎಲ್ಲಕ್ಕಿಂತ ಸುಲಭವಾದದ್ದು ಪಟಿಕದ ನೀರು. ಒಂದು ಹಿಡಿ ಲಾವಂಚದ ಬೇರನ್ನು ಚೆನ್ನಾಗಿ ತೊಳೆದು, ಒಂದೂವರೆ ಲೋಟ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ತೆಳುಬಟ್ಟೆಯಲ್ಲಿ ಸೋಸಿಕೊಳ್ಳಿ. ಇದರಲ್ಲಿ 200 ಮಿಲಿಲೀಟರಿನಷ್ಟನ್ನು ಅಳೆದು, ಒಂದು ಟೀ ಚಮಚ, ಎಂದರೆ ಸುಮಾರು 5 ಗ್ರಾಂ, ಪಟಿಕದ ಪುಡಿಯನ್ನು ಹಾಕಿ ಕರಗಿಸಿ, ಗಾಜಿನ ಸೀಸೆಯಲ್ಲಿ ತುಂಬಿ. ಪಟಿಕದ ನೀರು ಹುಳಿಗುಣದ್ದಾದ್ದರಿಂದ ಲೋಹದ ಪಾತ್ರೆ ಬೇಡ. ಮಿಂದು ಒರೆಸಿಕೊಂಡ ಮೇಲೆ ಹತ್ತಿಯಿಂದ ಕಂಕುಳಿಗೆ ಒತ್ತಿ, ಆರಿದ ನಂತರ ಬಟ್ಟೆ ತೊಡಬೇಕು. ಬೇರಿನ ಕಷಾಯ ಬೇಗ ಕೆಡುವುದರಿಂದ ತಂಗಳು ಪೆಟ್ಟಿಗೆಯಲ್ಲಿಟ್ಟರೂ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಉಪಯೋಗಿಸಬಾರದು. ಕೂದಲು ತೆಗೆದ ದಿನ ಅಥವಾ ಚರ್ಮ ಗೀರಿದ್ದರೆ ಇದನ್ನು ಹಚ್ಚಬೇಡಿ; ಉರಿ ತಡೆಯಲಾಗದು.

ಎರಡನೆಯದು ಲೇಪ. ಮೂರು ದೊಡ್ಡ ಚಮಚ ಕೊಬ್ಬರಿ ಎಣ್ಣೆಗೆ ಒಂದು ದೊಡ್ಡ ಚಮಚ ತುರಿದ ಜೇನುಮೇಣವನ್ನು ಸೇರಿಸಿ ಒಂದು ಬಟ್ಟಲಿನಲ್ಲಿಡಿ. ಈ ಬಟ್ಟಲನ್ನು ಬಿಸಿನೀರಿರುವ ಪಾತ್ರೆಯೊಳಗಿರಿಸಿ ಸಣ್ಣ ಉರಿಯಲ್ಲಿ ಕಾಯಿಸಿ. ಮೇಣ ಕರಗಲು 62ರಿಂದ 65 ಡಿಗ್ರಿ ಶಾಖ ಸಾಕು; ನೇರವಾಗಿ ಒಲೆಯ ಮೇಲಿಟ್ಟರೆ ಹೊತ್ತಿಕೊಳ್ಳುವ ಅಪಾಯವುಂಟು. ಕರಗಿದೊಡನೆ ಇಳಿಸಿ, ಮೂರು ದೊಡ್ಡ ಚಮಚ ಆರಾರೂಟ್ ಹಿಟ್ಟನ್ನು ಉದುರಿಸುತ್ತ ಗಂಟಾಗದಂತೆ ಕಲಸಿ. ಸ್ವಲ್ಪ ಆರಿದ ಮೇಲೆ, ಬೇಕೆನಿಸಿದರೆ, ನಾಲ್ಕೈದು ತೊಟ್ಟು ಶ್ರೀಗಂಧದ ಎಣ್ಣೆಯನ್ನೋ ಲಾವಂಚದ ಎಣ್ಣೆಯನ್ನೋ ಹಾಕಬಹುದು. ಅದಕ್ಕಿಂತ ಹೆಚ್ಚು ಬೇಡ. ಅಗಲ ಬಾಯಿಯ ಡಬ್ಬಿಯಲ್ಲಿ ತುಂಬಿಟ್ಟರೆ ಒಂದೆರಡು ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಬರಿಯ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುವುದರಿಂದ ಬೆಂಗಳೂರಿನ ಡಿಸೆಂಬರಿನಲ್ಲಿ ಕಲ್ಲಾಗಿ, ಏಪ್ರಿಲಿನಲ್ಲಿ ನೀರಾಗುತ್ತದೆ. ಮೇಣ ಹಾಕುವುದು ಇದಕ್ಕಾಗಿಯೇ. ಬೇಸಗೆಯಲ್ಲಿ ಮೇಣವನ್ನು ಚೂರು ಹೆಚ್ಚಿಸಿ, ಚಳಿಗಾಲದಲ್ಲಿ ಚೂರು ತಗ್ಗಿಸಿ. ಒಂದು ಕಂಕುಳಿಗೆ ಕಡಲೆಕಾಳಿನಷ್ಟು ಲೇಪ ಸಾಕು. ಬಟ್ಟೆಗೆ ಎಣ್ಣೆಯ ಕಲೆ ತಗಲದಂತೆ ಎರಡು ನಿಮಿಷ ಬಿಟ್ಟು ರವಿಕೆ, ಅಂಗಿ ತೊಡಿ.

ಎಣ್ಣೆ ಒಗ್ಗದವರಿಗೆ ಮೂರನೆಯದಾದ ಒಣಪುಡಿ ಇದೆ. ನಾಲ್ಕು ದೊಡ್ಡ ಚಮಚ ಆರಾರೂಟ್ ಹಿಟ್ಟಿಗೆ ಒಂದು ಟೀ ಚಮಚ ನಯವಾದ ಕಚೋರದ ಪುಡಿ ಬೆರೆಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದಿಟ್ಟುಕೊಳ್ಳಿ. ಒಣಗಿದ ಮೈಗೆ ಹತ್ತಿಯಿಂದ ಮೆತ್ತಗೆ ಒತ್ತಬೇಕು. ಗಾಳಿಗೆ ಹಾರಿಸಿ ಉಸಿರಿನೊಂದಿಗೆ ಎಳೆದುಕೊಳ್ಳಬಾರದು.

ಇನ್ನು ಸೋಡಾದ ವಿಚಾರ. ಆಮ್ಲ ಕ್ಷಾರಗಳನ್ನು ಅಳೆಯುವ ಪಿ.ಎಚ್. ಎಂಬ ಮಾನದಲ್ಲಿ 7 ಎಂದರೆ ಸಮಸ್ಥಿತಿ. ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ಆರೋಗ್ಯವಾದ ಚರ್ಮದ ಮೇಲ್ಪದರ ಸುಮಾರು 5ರಲ್ಲಿದೆ. ಈ ಎಳೆಹುಳಿಯೇ ಚರ್ಮದ ಕವಚ. ಅಡಿಗೆ ಸೋಡಾದ ನೀರು ಎಂಟನ್ನು ಮೀರುತ್ತದೆ. ವಾಸನೆಯ ಆಮ್ಲಗಳನ್ನು ಅದು ತಟಸ್ಥಗೊಳಿಸುವುದು ನಿಜ. ಆದರೆ ಹಿಟ್ಟಿನ ಸಮಕ್ಕೆ ಸೋಡಾ ಹಾಕಿ ದಿನವೂ ಹಚ್ಚಿದರೆ ಕವಚ ಸವೆದು, ಕೆಂಪಾಗಿ, ತುರಿಸಿ, ಕೊನೆಗೆ ಕಪ್ಪಾಗುವುದುಂಟು. ಹಾಕಲೇಬೇಕೆಂದರೆ ಮೇಲೆ ಹೇಳಿದ ಲೇಪಕ್ಕೆ ಅರ್ಧ ಟೀ ಚಮಚ ಮೀರದಿರಲಿ. ಸೂಕ್ಷ್ಮ ಚರ್ಮದವರು ಅದನ್ನೂ ಬಿಡುವುದು ಒಳಿತು. ಪಟಿಕದ ನೀರನ್ನೂ ಸೋಡಾದ ಲೇಪವನ್ನೂ ಒಟ್ಟಿಗೆ ಹಚ್ಚುವುದು ವ್ಯರ್ಥ. ಒಂದು ಹುಳಿ, ಇನ್ನೊಂದು ಕ್ಷಾರ, ಎರಡೂ ಕೂಡಿ ನೊರೆಯೆದ್ದು ಪರಸ್ಪರ ಗುಣವನ್ನು ಕಳೆಯುತ್ತವೆ. ನಿಂಬೆಹಣ್ಣನ್ನು ಕಂಕುಳಿಗೆ ತಿಕ್ಕುವ ಅಭ್ಯಾಸವನ್ನೂ ಬಿಡಬೇಕು. ಅದರ ಹುಳಿ ಅತಿ ತೀಕ್ಷ್ಣ. ಅಷ್ಟೇ ಅಲ್ಲ, ಸಿಪ್ಪೆಯ ರಸ ತಾಗಿದ ಚರ್ಮದ ಮೇಲೆ ಬಿಸಿಲು ಬಿದ್ದರೆ ಬೊಬ್ಬೆಯೇಳುವುದುಂಟು. ನಿಸರ್ಗದ್ದೆಂದ ಮಾತ್ರಕ್ಕೆ ನಿರಪಾಯಕಾರಿ ಎಂದಲ್ಲ.

ಆದ್ದರಿಂದ ಯಾವುದನ್ನು ಮಾಡಿದರೂ ಮೊದಲು ಮೊಣಕೈಯ ಒಳಮಗ್ಗುಲಲ್ಲಿ ಒಂದು ರೂಪಾಯಿ ಬಿಲ್ಲೆಯಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ತುರಿಕೆ, ಕೆಂಪು ಕಾಣದಿದ್ದರೆ ಮುಂದುವರಿಸಿ.

ಲೇಪಕ್ಕಿಂತ ಮೊದಲು ಮಾಡತಕ್ಕ ಕೆಲಸಗಳೂ ಇವೆ. ದಿನಕ್ಕೊಮ್ಮೆ, ಬೇಸಗೆಯಲ್ಲಿ ಎರಡು ಸಲ, ಕಂಕುಳನ್ನು ಸೌಮ್ಯವಾದ ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಕೂದಲನ್ನು ಮೊಟಕಾಗಿಟ್ಟರೆ ತೇವ ಬೇಗ ಆರುತ್ತದೆ. ಬಟ್ಟೆಯ ಪಾಲೂ ಸಣ್ಣದಲ್ಲ. ವ್ಯಾಯಾಮ ಮಾಡಿದವರ ಅಂಗಿಗಳನ್ನು ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು ಹೋಲಿಸಿ ನೋಡಿ 2014ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಹತ್ತಿಯ ಅಂಗಿಗಿಂತ ಪಾಲಿಯೆಸ್ಟರ್ ಅಂಗಿ ಹೆಚ್ಚು ನಾರುವುದು ಕಂಡುಬಂತು. ಒಲೆಯ ಮುಂದೆ ದುಡಿಯುವವರೂ ಶಾಲೆಗೆ ಹೋಗುವ ಮಕ್ಕಳೂ ಹತ್ತಿಯ ಒಳಉಡುಪು ಧರಿಸುವುದು ಒಳ್ಳೆಯದು. ಬಟ್ಟೆಯ ಕಂಕುಳ ಭಾಗವನ್ನು ಒಳಮಗ್ಗುಲು ಹೊರಗೆ ಮಾಡಿ ಒಗೆದು, ಬಿಸಿಲಿಗೆ ಒಣಗಿಸಿ. ನಿನ್ನೆಯ ಬೆವರಿನ ಅಂಗಿಗೆ ಇಂದಿನ ಲೇಪ ಏನೂ ಮಾಡಲಾರದು.

ಮನೆಯ ಉಪಾಯ ಎಲ್ಲಿಗೆ ನಿಲ್ಲಬೇಕು ಎಂಬುದೂ ತಿಳಿದಿರಬೇಕು. ಕಂಕುಳಲ್ಲಿ ಪದೇ ಪದೇ ಕುರು ಏಳುತ್ತಿದ್ದರೆ, ಕುಳಿತಲ್ಲಿಯೇ ಬಟ್ಟೆ ತೊಯ್ಯುವಷ್ಟು ಬೆವರುತ್ತಿದ್ದರೆ, ಇದ್ದಕ್ಕಿದ್ದಂತೆ ಮೈಯ ವಾಸನೆ ಬದಲಾದರೆ ವೈದ್ಯರ ಬಳಿಗೆ ಹೋಗಬೇಕು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೋ ಒಂಬತ್ತು ತುಂಬದ ಗಂಡುಮಗುವಿಗೋ ದೊಡ್ಡವರಂಥ ಬೆವರಿನ ವಾಸನೆ ಕಾಣಿಸಿದರೂ ತೋರಿಸುವುದು ಮೇಲು. ಅದು ಅಕಾಲದಲ್ಲಿ ಪ್ರಾಯ ಬರುತ್ತಿರುವುದರ ಸೂಚನೆಯಾಗಿರಬಹುದು.

ಮಗಳಿಗೆ ಹನ್ನೊಂದೋ ಹನ್ನೆರಡೋ ತುಂಬಿದಾಗ, ಮಗನಿಗೆ ಮೀಸೆ ಚಿಗುರುವಾಗ, ತಾಯಂದಿರು ಮೂಗು ಮುಚ್ಚಿಕೊಂಡು ಗದರುವುದರಿಂದ ಪ್ರಯೋಜನವಿಲ್ಲ. ಇದು ಬೆಳೆಯುವ ಮೈಯ ಸಹಜ ಧರ್ಮವೆಂದು ತಿಳಿಸಿ, ಒಂದು ಭಾನುವಾರ ಅವರನ್ನೇ ಕೂಡಿಸಿಕೊಂಡು ಈ ಲೇಪವನ್ನು ಮಾಡಿ. ಅಳತೆ ಮಾಡುವುದನ್ನೂ ಕಲಿತಾರು, ತಮ್ಮ ಮೈಯ ಬಗೆಗೆ ನಾಚದೆ ಕೇಳುವುದನ್ನೂ ಕಲಿತಾರು. ಇವೆರಡರಲ್ಲಿ ಎರಡನೆಯದೇ ಹೆಚ್ಚು ಕಾಲ ಬಾಳುವುದು.