ಅಬ್ರಾ ದಾಟುವಷ್ಟು ದೂರ

ದುಬೈ ನೋಡಿ ಬರೋಣ ಎಂದು ಹೊರಡುವ ನಮ್ಮ ಕಡೆಯವರು ಮೊದಲು ವಿಚಾರಿಸುವುದು ವಿಮಾನದ ದರ, ಆಮೇಲೆ ವೀಸಾ. ಎಲ್ಲಿ ಉಳಿಯುವುದು ಎಂಬುದು ಕೊನೆಯ ಮಾತು. ಅಷ್ಟರಲ್ಲಿ ಕಿಸೆ ಹಗುರಾಗಿರುತ್ತದೆ. ಫೋನಿನಲ್ಲಿ ಅಗ್ಗವಾಗಿ ಕಂಡ ಹೋಟೆಲನ್ನು ಗೊತ್ತುಮಾಡಿಬಿಡುತ್ತಾರೆ. ಅದು ಎಷ್ಟೋ ಸಲ ಶಾರ್ಜಾದಲ್ಲಿರುತ್ತದೆ. ನಕ್ಷೆಯಲ್ಲಿ ಶಾರ್ಜಾ, ದುಬೈ ಒಂದಕ್ಕೊಂದು ಅಂಟಿಕೊಂಡ ಊರುಗಳು. ಆದರೆ ಸಂಜೆ ಕೆಲಸ ಬಿಡುವ ಹೊತ್ತಿಗೆ ಆ ಕಡೆ ಹೊರಟ ಕಾರುಗಳ ಸಾಲಿನಲ್ಲಿ ಒಮ್ಮೆ ಸಿಕ್ಕಿಕೊಂಡವರು ನಕ್ಷೆಯನ್ನು ನಂಬುವುದಿಲ್ಲ. ಶಾರ್ಜಾಕ್ಕೆ ಮೆಟ್ರೊ ಇಲ್ಲ. ಬಾಡಿಗೆಯಲ್ಲಿ ಉಳಿದ ದಿರ್ಹಂ ಟ್ಯಾಕ್ಸಿ ಮೀಟರಿಗೆ ಸಂದಾಯ.

ಹಳೆಯ ದುಬೈ ಇರುವುದು ಕ್ರೀಕ್‌ನ ಎರಡು ದಡಗಳಲ್ಲಿ. ಕ್ರೀಕ್ ಎಂದರೆ ಊರೊಳಕ್ಕೆ ನುಗ್ಗಿದ ಸಮುದ್ರದ ತೋಳು. ಒಂದು ದಡ ದೇರಾ, ಇನ್ನೊಂದು ಬರ್‌ದುಬೈ. ನಡುವೆ ಓಡಾಡುವ ಅಬ್ರಾ ಎಂಬ ಮರದ ದೋಣಿಗೆ ಕೊಡಬೇಕಾದದ್ದು 1 ದಿರ್ಹಂ. ಇಷ್ಟು ದುಬಾರಿ ಊರಿನಲ್ಲಿ ಇಷ್ಟು ಅಗ್ಗದ ಸುಖ ಬೇರೆ ಇಲ್ಲ.

ದೇರಾ ಎಂದರೆ ಚಿನ್ನದ ಸೂಕ್ (ಸೂಕ್ ಎಂದರೆ ಪೇಟೆ), ಮಸಾಲೆ ಸೂಕ್, ನೈಫ್ ಪೇಟೆ, ಬಟ್ಟೆಯ ಸಗಟು ವ್ಯಾಪಾರದ ಮುರ್ಶಿದ್ ಬಜಾರ್. ಭಟ್ಕಳದ ನವಾಯತರಿಗೆ, ಕರಾವಳಿಯ ಬ್ಯಾರಿಗಳಿಗೆ ಇದು ಪರದೇಶವೇ ಅಲ್ಲ. ಓಣಿಯೊಂದರಲ್ಲಿ ಹಿಂದಿನಿಂದ ತುಳು ಕೇಳಿಸಿದರೆ ತಿರುಗಿ ನೋಡಿ ಆಶ್ಚರ್ಯಪಡಬೇಕಾಗಿಲ್ಲ. ಹೋಟೆಲುಗಳು ಹಳೆಯವು, ಕೋಣೆಗಳು ಇಕ್ಕಟ್ಟು. ಬೀದಿಯಲ್ಲಿ ಸರಕು ಇಳಿಸುವ ಸದ್ದು ರಾತ್ರಿಯೂ ನಿಲ್ಲದು. ಹಗುರ ನಿದ್ದೆಯವರು ರಸ್ತೆಯ ಕಡೆಯ ಕೋಣೆ ಬೇಡವೆನ್ನಬೇಕು.

ಬರ್‌ದುಬೈ ಸ್ವಲ್ಪ ಸಾವಧಾನದ ದಡ. 1787ರ ಅಲ್ ಫಾಹಿದಿ ಕೋಟೆ, ಅದರ ಪಕ್ಕದಲ್ಲಿ ಗಾಳಿಗೋಪುರಗಳ ಹಳೆಯ ಮನೆಗಳು, ಸೀರೆ ಅಂಗಡಿಗಳ ಮೀನಾ ಬಜಾರ್ ಎಲ್ಲ ಕಾಲ್ನಡಿಗೆಯಲ್ಲೇ ಮುಗಿಯುತ್ತವೆ. 'ದೇವಸ್ಥಾನ ಹತ್ತಿರ, ಅಲ್ಲೇ ಇಳಿದುಕೊಳ್ಳಿ' ಎಂಬ ಹಳಬರ ಸಲಹೆ ಮಾತ್ರ ಈಗ ಪೂರ್ತಿ ನಿಜವಲ್ಲ. ಇಲ್ಲಿನ ಶಿವಮಂದಿರ 2024ರ ಆರಂಭದಲ್ಲಿ ದೂರದ ಜಬಲ್ ಅಲಿಗೆ ಸ್ಥಳಾಂತರವಾಯಿತು.

ನನ್ನನ್ನು ಕೇಳಿದರೆ ಬುರ್ಜುಮಾನ್ ಮತ್ತು ಕರಾಮದ ನಡುವೆ ಎಲ್ಲಾದರೂ ಸರಿ. ಕೆಂಪು, ಹಸಿರು ಎರಡೂ ಮೆಟ್ರೊ ಮಾರ್ಗಗಳು ಬುರ್ಜುಮಾನ್‌ನಲ್ಲಿ ಕೂಡುತ್ತವೆ. ಕರಾಮದಲ್ಲಿ ಬೆಳಗ್ಗೆ ಇಡ್ಲಿ-ವಡೆ, ಮಧ್ಯಾಹ್ನ ಮೀನೂಟಕ್ಕೆ ಹುಡುಕಾಡಬೇಕಿಲ್ಲ. ಅತ್ತೆ-ಮಾವನನ್ನು ಕರೆದುಕೊಂಡು ಹೋಗುವವರಿಗೆ ಇದು ಸಣ್ಣ ಸಂಗತಿಯಲ್ಲ.

ಬುರ್ಜ್ ಖಲೀಫಾ ಕಾಣುವ ಕಿಟಕಿಯೇ ಬೇಕೆಂದರೆ ಡೌನ್‌ಟೌನ್ ಇದೆ. 828 ಮೀಟರಿನ ಗೋಪುರ ಮೆಟ್ರೊದಿಂದಲೂ ಪುಕ್ಕಟೆ ಕಾಣುತ್ತದೆ ಎಂಬುದು ನೆನಪಿರಲಿ. ಸಮುದ್ರಸ್ನಾನವೇ ಮುಖ್ಯವಾದರೆ ಮರೀನಾ. ಅಲ್ಲಿಂದ ದೇರಾಕ್ಕೆ ಬರುವಷ್ಟರಲ್ಲಿ ಮೆಟ್ರೊದಲ್ಲೊಂದು ಸಣ್ಣ ನಿದ್ದೆ ತೆಗೆಯಬಹುದು.

ಎಲ್ಲೇ ಇಳಿದುಕೊಂಡರೂ ನಿಲ್ದಾಣದಿಂದ ಹೋಟೆಲಿಗೆ ಎಷ್ಟು ನಡೆಯಬೇಕೆಂದು ಮೊದಲೇ ನೋಡಿಕೊಳ್ಳಿ. ಜನವರಿಯ ಹತ್ತು ನಿಮಿಷ ಬೇರೆ, 40 ಡಿಗ್ರಿ ದಾಟಿದ ಜುಲೈನ ಹತ್ತು ನಿಮಿಷ ಬೇರೆ. ಬಾಡಿಗೆಯ ಮೇಲೆ ಕೋಣೆಗೆ ದಿನಕ್ಕೆ 7ರಿಂದ 20 ದಿರ್ಹಂವರೆಗೆ ಪ್ರವಾಸೋದ್ಯಮ ಶುಲ್ಕವೂ ಬೀಳುತ್ತದೆ.

ಅಬುಧಾಬಿಯನ್ನು ಒಂದೇ ದಿನದಲ್ಲಿ ಮುಗಿಸಿ ಬರುವವರೇ ಹೆಚ್ಚು. ಸುಮಾರು 140 ಕಿ.ಮೀ. ದೂರ. ಶೇಖ್ ಜಾಯೆದ್ ಮಸೀದಿ, 2024ರ ಫೆಬ್ರವರಿ 14ರಂದು ಉದ್ಘಾಟನೆಯಾದ ಅಬು ಮುರೈಖಾದ ಸ್ವಾಮಿನಾರಾಯಣ ಮಂದಿರ, ಲೂವ್ರ್ ಮ್ಯೂಸಿಯಂ ಇವು ಮೂರೂ ಮೂರು ದಿಕ್ಕು. ಮೆಟ್ರೊ ಬೇರೆ ಇಲ್ಲ. ಹಮ್ದಾನ್ ಅಥವಾ ಇಲೆಕ್ಟ್ರಾ ರಸ್ತೆಯಲ್ಲಿ ಒಂದು ರಾತ್ರಿ ಉಳಿಯುವುದು ವಾಸಿ. ಮಕ್ಕಳು ಫೆರಾರಿ ವರ್ಲ್ಡ್‌ಗಾಗಿ ಹಠ ಹಿಡಿದರೆ ಮಾತ್ರ ಯಾಸ್ ದ್ವೀಪ.

ದೇರಾ-ಬರ್‌ದುಬೈಯನ್ನು ನಾನು ಬಿಟ್ಟುಕೊಡದಿರಲು ಇನ್ನೊಂದು ಕಾರಣವಿದೆ. ನಮ್ಮ ಬಹಳ ಹುಡುಗರು ಅಲ್ಲಿ 'ಬೆಡ್‌ಸ್ಪೇಸ್'ನಲ್ಲಿರುತ್ತಾರೆ. ಬಾಡಿಗೆ ಕೊಡುವುದು ಮನೆಗಲ್ಲ, ಒಂದು ಮಂಚಕ್ಕೆ. ಊರಿನಿಂದ ಚಿಕ್ಕಮ್ಮ ಬಂದರೆ ಮನೆಗೆ ಕರೆಯಲಾಗದ ಸಂಕಟ ಅವರಿಗೆ. ಹೋಟೆಲು ಹತ್ತಿರವಿದ್ದರೆ ರಾತ್ರಿ ಡ್ಯೂಟಿ ಮುಗಿಸಿ ಅಬ್ರಾ ಹತ್ತಿ ಬಂದು, ಊರಿನಿಂದ ತಂದ ಉಪ್ಪಿನಕಾಯಿ ಭರಣಿ ತೆಗೆದುಕೊಂಡು, ಒಂದು ಚಾಯ ಕುಡಿದು ಹೋಗಬಹುದು.