ಹಳೆಯ ಆರ್‌ಎಕ್ಸ್ ಕೊಳ್ಳುವ ಮುನ್ನ

ಕಾಲೇಜು ಸೇರಿದ ಹುಡುಗನಿಗೆ ಬೈಕು ಬೇಕು. ಹೊಸದಕ್ಕೆ ಮನೆಯಲ್ಲಿ ದುಡ್ಡಿಲ್ಲ ಎಂದರೆ ಸೆಕೆಂಡ್ ಹ್ಯಾಂಡ್ ಆದರೂ ಸರಿ, ಆದರೆ ಅದು 'ಪಿಕಪ್' ಇರುವ ಗಾಡಿಯೇ ಆಗಬೇಕು. ಆಗ ನೆನಪಾಗುವುದು ಯಮಹಾ ಆರ್‌ಎಕ್ಸ್ 100. 1985ರಲ್ಲಿ ನಮ್ಮ ದೇಶಕ್ಕೆ ಬಂದ ಈ ಬೈಕಿನ ತಯಾರಿಕೆ 1996ರಲ್ಲೇ ನಿಂತಿತು. ಕೊಳ್ಳುವ ಹುಡುಗನಿಗಿಂತ ಗಾಡಿಗೇ ವಯಸ್ಸು ಹೆಚ್ಚು!

ಎಂಜಿನ್ ಬರೀ 98 ಸಿಸಿ. ಆದರೆ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ನ ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ. ಸುಮಾರು ನೂರು ಕಿಲೋ ತೂಕದ ಗಾಡಿಗೆ 11 ಅಶ್ವಶಕ್ತಿ ಸಿಕ್ಕರೆ ಅದು ಚಿಮ್ಮದೆ ಇನ್ನೇನು ಮಾಡೀತು?

ಮಾರುವವನು ತೋರಿಸುವುದು ಈ ಚಿಮ್ಮುವಿಕೆಯನ್ನೇ. ನೀವು ಮೊದಲು ಬ್ರೇಕ್ ನೋಡಿ. ಎರಡು ಚಕ್ರಕ್ಕೂ ಇರುವುದು ಡ್ರಮ್ ಬ್ರೇಕ್. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ ಎಂಬುದು ಹೈಸ್ಕೂಲಿನ ಪಾಠ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ 12 ಮೀಟರಿನಲ್ಲಿ ನಿಲ್ಲುವ ಗಾಡಿಗೆ 80ರ ವೇಗದಲ್ಲಿ 48 ಮೀಟರ್ ಬೇಕು. ಕೊಟ್ಟೂರು, ಹರಪನಹಳ್ಳಿ ಕಡೆ ಸುಗ್ಗಿಯಲ್ಲಿ ರಸ್ತೆಗೇ ಮೆಕ್ಕೆಜೋಳ ಹರಡಿದ್ದರೆ ಅಷ್ಟೂ ಸಾಲದು. ಮುಂದಿನ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಬಂದರೆ ಶೂ ಸವೆದಿರಬಹುದು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ: 2316 ಎಂದಿದ್ದರೆ ಅದು 2016ರ 23ನೇ ವಾರದ್ದು, ನೋಡಲು ಎಷ್ಟೇ ಹೊಸದಾಗಿರಲಿ.

ಎಂಜಿನ್ ತಣ್ಣಗಿರುವಾಗಲೇ ಕಿಕ್ ಹೊಡೆದು ನೋಡಬೇಕು. ನೀವು ಹೋಗುವಷ್ಟರಲ್ಲಿ ಬಿಸಿಯಾಗಿದ್ದರೆ ಇನ್ನೊಂದು ದಿನ ಬೆಳಿಗ್ಗೆಯೇ ಹೋಗಿ. ತೆಳು ನೀಲಿ ಹೊಗೆ ಸಹಜ, ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯುತ್ತದೆ. ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕ್ರ್ಯಾಂಕ್ ಸೀಲ್ ಹೋಗಿ ಗೇರ್ ಆಯಿಲ್ ಒಳಸೇರುತ್ತಿರಬಹುದು. ಎಂಜಿನ್ ಬಿಚ್ಚಿಸುವ ಖರ್ಚು.

ಎಂಜಿನ್, ಚಾಸಿಸ್ ನಂಬರುಗಳು ಆರ್‌ಸಿಗೆ ತಾಳೆಯಾಗಬೇಕು. ಉಜ್ಜಿ ಮತ್ತೆ ಕೊರೆದಂತೆ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಹರಪನಹಳ್ಳಿಯ ಗಾಡಿಗೆ ಕೆಎ 17 ಇದ್ದರೆ ಗಾಬರಿ ಬೇಡ, ಆ ತಾಲ್ಲೂಕು 1997ರಿಂದ ಎರಡು ದಶಕ ದಾವಣಗೆರೆ ಜಿಲ್ಲೆಯಲ್ಲಿತ್ತು. ಹದಿನೈದು ವರ್ಷ ದಾಟಿದ ಗಾಡಿಯಾದ್ದರಿಂದ ನೋಂದಣಿ ನವೀಕರಣವಾಗಿದೆಯೇ ನೋಡಿ. ಹೆಸರು ಬದಲಾವಣೆಗೆ ಫಾರಂ 29, 30ಕ್ಕೆ ಮಾರುವವರ ಸಹಿ ಆಗಲೇ ಪಡೆಯಿರಿ.

ಪಾಲಕರಿಗೆ ಒಂದು ಮಾತು. ಗೇರ್ ಬೈಕಿನ ಲೈಸೆನ್ಸಿಗೆ 18 ತುಂಬಿರಬೇಕು. ಅದಕ್ಕೂ ಮೊದಲು ಮಗ ಓಡಿಸಿ ಅಪರಾಧವಾದರೆ, 2019ರ ತಿದ್ದುಪಡಿಯಂತೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಬೆಲೆ ಚೌಕಾಸಿ ಮಾಡುವಾಗಲೇ ಹೊಸ ಬ್ರೇಕ್ ಶೂ, ಎರಡು ಟೈರು, ಒಂದು ಐಎಸ್‌ಐ ಹೆಲ್ಮೆಟ್ಟಿನ ದುಡ್ಡು ಬೇರೆ ತೆಗೆದಿಡಿ.